ನಮ್ಮ ಅಂಗಳದ ದುಂಡುಮಲ್ಲಿಗೆ: ಅದರ ಬೆಳೆವಣಿಗೆ ಮತ್ತು ಪೋಷಣೆ

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ, ಬಂಡಳ್ಳಿ

ಪೀಠಿಕೆ

ಮಲ್ಲಿಗೆಯನ್ನು ಅರಿಯದ ಕನ್ನಡಿಗರಿಲ್ಲ. ಮದುವೆಯ ಚಪ್ಪರದಲ್ಲಿ, ದೇವರ ಗುಡಿಯಲ್ಲಿ, ಹೆಂಗಳೆಯರ ಮುಡಿಯಲ್ಲಿ ಅದಕ್ಕೆ ಮೊದಲ ಮಣೆ. ಕೆ. ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ಹೊರತಂದ ತಮ್ಮ ಮೊದಲ ಕವನಸಂಕಲನಕ್ಕೆ 'ಮೈಸೂರ ಮಲ್ಲಿಗೆ' ಎಂದೇ ಹೆಸರಿಟ್ಟರು. ಇನ್ನು ನಮ್ಮ ಸೀಮೆಯ ಮಾತನ್ನು ಹೇಳುವುದಾದರೆ, ಮಾಯಕಾರ ಮಾದಪ್ಪನಿಗೆ ಮಲ್ಲಿಗೆ ಚೆಲ್ಲಿದ ಪದವನ್ನು ಕೇಳದೆ ಬೆಳೆದವರು ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಯಾರೂ ಇರಲಾರರು.

ಆದರೆ ಹೂವನ್ನು ಬಲ್ಲವರೆಲ್ಲರೂ ಗಿಡವನ್ನು ಬಲ್ಲವರಲ್ಲ. ನಮ್ಮ ಊರುಗಳಲ್ಲಿ ಬೀದಿಗೆ ನಾಲ್ಕು ಮನೆಗಳಲ್ಲಾದರೂ ಮಲ್ಲಿಗೆಯ ಗಿಡವುಂಟು. ಅವುಗಳಲ್ಲಿ ಎಷ್ಟೋ ಗಿಡಗಳು ಮನೆಯ ಮಾಡಿಗೆ ಮುಟ್ಟುವಂತೆ ಬೆಳೆದು, ಸೊಂಪಾದ ಎಲೆಗಳಿಂದ ತುಂಬಿ, ಹೂವನ್ನು ಮಾತ್ರ ಕೊಡದೆ ನಿಂತಿರುತ್ತವೆ. "ಗಿಡಕ್ಕೆ ಸೊಕ್ಕು" ಎಂದು ಕೆಲವರು, "ದೃಷ್ಟಿ ತಗುಲಿತು" ಎಂದು ಕೆಲವರು ಹೇಳುವುದುಂಟು. ನಿಜವಾದ ಕಾರಣವೇನು, ಅದಕ್ಕೆ ಪರಿಹಾರವೇನು ಎಂಬುದನ್ನು ನಮ್ಮ ಮನೆಯ ಒಂದು ಗಿಡದ ಕಥೆಯೊಡನೆ ತಿಳಿಸುವುದೇ ಈ ಲೇಖನದ ಉದ್ದೇಶ. ನಾನು ಸಸ್ಯಶಾಸ್ತ್ರದ ವಿದ್ಯಾರ್ಥಿನಿಯಲ್ಲ. ಬೆಳೆಗಾರರಿಂದ ಕೇಳಿದ, ಪುಸ್ತಕಗಳಲ್ಲಿ ಓದಿದ, ಕೈಯಿಂದ ಮಾಡಿ ನೋಡಿದ ಸಂಗತಿಗಳನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಒಂದು ಗಿಡದ ಪೂರ್ವೋತ್ತರ

ನಮ್ಮ ಅಜ್ಜಿ ಮದುವೆಯಾಗಿ ಬಂಡಳ್ಳಿಗೆ ಬಂದಾಗ ತವರಿನಿಂದ ತಂದ ವಸ್ತುಗಳಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಮಲ್ಲಿಗೆಯ ಕಡ್ಡಿಯೂ ಇತ್ತಂತೆ. ಈಗ ನಮ್ಮ ಅಂಗಳದಲ್ಲಿರುವುದು ಅದೇ ಗಿಡವಲ್ಲ; ಅದರ ಮಗಳು. ಮೊದಲಿನ ಗಿಡ ಮುದಿಯಾಗುವ ಮುನ್ನವೇ ಅಜ್ಜಿ ಅದರ ಒಂದು ರೆಂಬೆಯನ್ನು ಬಗ್ಗಿಸಿ, ಮಣ್ಣಿನಲ್ಲಿ ಹೂತು, ಬೇರು ಬಿಟ್ಟ ಮೇಲೆ ಬೇರ್ಪಡಿಸಿ ನೆಟ್ಟಿದ್ದಳು. ನಾನು ಚಿಕ್ಕವಳಾಗಿದ್ದಾಗ ಆ ಗಿಡದ ಮೊಗ್ಗು ಮನೆಯವರೆಲ್ಲರ ಮುಡಿಗಾಗಿ, ದೇವರಿಗಾಗಿ, ನೆರೆಮನೆಗೂ ಮಿಕ್ಕುತ್ತಿತ್ತು. ಕ್ರಮೇಣ ಹೂ ಕಡಮೆಯಾಗುತ್ತ ಬಂದು, ಕಡೆಯ ಮೂರು ವರ್ಷಗಳಲ್ಲಿ ಬೇಸಗೆಗೆ ಒಂದು ಮೊಳ ಕಟ್ಟುವಷ್ಟು ಮೊಗ್ಗೂ ಸಿಕ್ಕದಂತಾಯಿತು.

ನಮ್ಮದು ಮಳೆಯನ್ನು ನಂಬಿದ ಸೀಮೆ. ಬೇಸಗೆಯಲ್ಲಿ ಒಂದೊಂದು ಕೊಡಕ್ಕೂ ಲೆಕ್ಕ. ಒಂದು ದಿನ ಅಪ್ಪ, "ಹೂ ಬುಡ್ದಿರ ಗಿಡುಕ್ಕ ನೀರ್ಯಾಕ ಹೊತ್ತಾಕದು? ಕಿತ್ತಾಕ್ಬುಟ್ಟು ಅಲ್ಲಿ ಗಾಡಿ ನಿಲ್ಸಕ ಸೀಟ್ ಹಾಕ್ಸವ" ಎಂದರು. ಅಜ್ಜಿ ಏನೂ ಹೇಳಲಿಲ್ಲ. ಅಂದು ರಾತ್ರಿ ಊಟಕ್ಕೂ ಏಳಲಿಲ್ಲ. ಯುಗಾದಿಯವರೆಗೆ ಗಡುವು ಕೊಡಬೇಕೆಂದು ನಾನು ಅಪ್ಪನನ್ನು ಬೇಡಿಕೊಂಡೆ. ಅಪ್ಪ ಒಪ್ಪಿದರು. ಆಗ ಕಾರ್ತಿಕ ಮಾಸ. ಹೀಗೆ ನನ್ನ ವ್ಯಾಸಂಗ ಆರಂಭವಾಯಿತು.

ಕುಲ ಮತ್ತು ಪ್ರಭೇದಗಳು

ನಾವು 'ಮಲ್ಲಿಗೆ' ಎಂದು ಕರೆಯುವ ಹೂಗಳೆಲ್ಲ ಒಂದೇ ಜಾತಿಯವಲ್ಲ. ಗುಂಡಗಿನ ಮೊಗ್ಗಿನ, ಗಾಢವಾದ ಪರಿಮಳದ ದುಂಡುಮಲ್ಲಿಗೆಗೆ ಶಾಸ್ತ್ರೀಯವಾಗಿ ಜಾಸ್ಮಿನಮ್ ಸಂಬಾಕ್ ಎಂದು ಹೆಸರು. ಒಂದೇ ಸುತ್ತು ದಳದ್ದು, ಹಲವು ಸುತ್ತಿನದು ಎಂದು ಇದರಲ್ಲಿಯೇ ಭೇದಗಳಿವೆ. ಏಳುಸುತ್ತಿನ ಮಲ್ಲಿಗೆ ಎಂಬುದು ಈ ಕುಲದ್ದೇ. ನಸುಗೆಂಪು ಬೆನ್ನಿನ ನೀಳ ಮೊಗ್ಗಿನ ಜಾಜಿ, ಸಣ್ಣ ಮೊಗ್ಗಿನ ಸೂಜಿಮಲ್ಲಿಗೆ, ಕಂಪು ಕಡಮೆಯಾದರೂ ಹೇರಳವಾಗಿ ಬಿಡುವ ಕಾಕಡ—ಇವು ಬೇರೆ ಬೇರೆ ಜಾತಿಗಳು. ಆರೈಕೆಯ ಕ್ರಮವೂ ಕತ್ತರಿಸುವ ಕಾಲವೂ ಒಂದೊಂದಕ್ಕೆ ಒಂದೊಂದು ಬಗೆ. ಇಲ್ಲಿ ಹೇಳುವುದೆಲ್ಲ ದುಂಡುಮಲ್ಲಿಗೆಗೆ ಮಾತ್ರ ಅನ್ವಯಿಸುವುದೆಂದು ವಾಚಕರು ನೆನಪಿನಲ್ಲಿಡಬೇಕು.

ಸ್ವೀಡನ್ ದೇಶದ ಲಿನ್ನೇಯಸ್ 1753ರಲ್ಲಿ ಈ ಗಿಡಕ್ಕೆ ಹೆಸರಿಡುವಾಗ ಇದನ್ನು ನಮ್ಮ ಪಾರಿಜಾತದ ಜೊತೆಯಲ್ಲಿ ಒಂದೇ ಕುಲಕ್ಕೆ ಸೇರಿಸಿದನು. ಆ ಕುಲನಾಮದ ಅರ್ಥ 'ರಾತ್ರಿಯ ಹೂ' ಎಂದು. 1789ರಲ್ಲಿ ಏಟನ್ ಎಂಬಾತ ಅದನ್ನು ಮಲ್ಲಿಗೆಯ ಕುಲಕ್ಕೆ ವರ್ಗಾಯಿಸಿದನು. ಪಾರಿಜಾತವೂ ಮಲ್ಲಿಗೆಯೂ ಇಂದಿಗೂ ಒಂದೇ ಕುಟುಂಬದ ಸಸ್ಯಗಳು. 'ಸಂಬಾಕ್' ಎಂಬುದು ಅರಬ್ಬೀ ಮಾತಿನಿಂದ ಬಂದದ್ದು. ನಮ್ಮ ದೇಶದಿಂದ ಹೊರಟ ಈ ಗಿಡ ಎಷ್ಟು ದೂರ ನಡೆದಿದೆಯೆಂದರೆ, ಫಿಲಿಪೀನ್ಸ್ ದೇಶವು 1934ರಲ್ಲಿ ಇದನ್ನೇ ತನ್ನ ರಾಷ್ಟ್ರೀಯ ಪುಷ್ಪವೆಂದು ಸಾರಿತು. ಚೀನದಲ್ಲಿ ಇದರ ಮೊಗ್ಗುಗಳ ನಡುವೆ ಚಹದ ಎಲೆಯನ್ನಿಟ್ಟು ಪರಿಮಳ ಹಿಡಿಸುತ್ತಾರೆ.

ನಮ್ಮ ನಾಡಿನಲ್ಲಿ ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಎಂಬ ಮೂರಕ್ಕೂ ಸರಕಾರದ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಇವುಗಳಲ್ಲಿ ಹಡಗಲಿಯದು ಬೇರೆ ಜಾತಿ. ಉಡುಪಿಯ ಶಂಕರಪುರದ ಸುತ್ತ ಬೆಳೆಯುವುದು ಸಂಬಾಕ್ ಜಾತಿ. ಅಲ್ಲಿ ಮೊಗ್ಗನ್ನು ಬಾಳೆಯ ನಾರಿನಲ್ಲಿ ಕಟ್ಟಿ, 'ಚೆಂಡು', 'ಅಟ್ಟೆ' ಎಂಬ ಲೆಕ್ಕದಲ್ಲಿ ಮಾರುತ್ತಾರೆ. ಸುಮಾರು 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮನೆಯ ಹಿತ್ತಿಲಿನ ಕೆಲವೇ ಗಿಡಗಳಿಂದ ಸಂಸಾರ ನಡೆಸಿದ ಹೆಂಗಸರು ಅಲ್ಲಿ ಅನೇಕರಿದ್ದಾರೆ. ನಮಗೆ ಇನ್ನೂ ಹತ್ತಿರದ ಉದಾಹರಣೆಯೆಂದರೆ ದಿಂಬಂ ಘಾಟಿಯ ಕೆಳಗಿನ ಸತ್ಯಮಂಗಲ. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲವೂ ಆ ಸತ್ಯಮಂಗಲವೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಅಲ್ಲಿನ ಮಲ್ಲಿಗೆಯ ಸಂತೆ ಇಂದು ದಕ್ಷಿಣ ದೇಶದಲ್ಲೆಲ್ಲ ಹೆಸರಾಗಿದೆ. ನಮ್ಮ ಅಂಗಳದ ಗಿಡ ಹೂ ಬಿಡದಿರುವುದಕ್ಕೆ ನಾಡಿನ ಗುಣ ಕಾರಣವಲ್ಲವೆಂಬುದು ಇದರಿಂದಲೇ ಸ್ಪಷ್ಟ.

ಮಣ್ಣು, ಬಿಸಿಲು, ನೀರು

ದುಂಡುಮಲ್ಲಿಗೆಗೆ ನೀರು ನಿಲ್ಲದ, ಹದವಾದ ಕೆಮ್ಮಣ್ಣು ಉತ್ತಮ. ಜಿಗುಟಾದ ಎರೆಮಣ್ಣಿನಲ್ಲಿ ಎಲೆ ಹೆಚ್ಚು, ಹೂ ಕಡಮೆ. ಸುಣ್ಣದಂಶ ಹೆಚ್ಚಾದ ನೆಲದಲ್ಲಿ ಗಿಡಕ್ಕೆ ಕಬ್ಬಿಣದ ಸತ್ತ್ವ ದೊರೆಯದೆ ಎಳೆಯ ಎಲೆಗಳು ಹಳದಿಯಾಗುತ್ತವೆ. ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಹಾಗಾದಾಗ ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು, ಅಂದರೆ ಫೆರಸ್ ಸಲ್ಫೇಟನ್ನು, ಕರಗಿಸಿ ಎಲೆಗಳ ಮೇಲೆ ಸಿಂಪಡಿಸಬೇಕು.

ಬಿಸಿಲಿನ ವಿಷಯದಲ್ಲಿ ಈ ಗಿಡ ರಾಜಿಯಾಗುವುದಿಲ್ಲ. ನೆರಳಿನಲ್ಲಿ ಬದುಕುತ್ತದೆ, ಹೂ ಬಿಡುವುದಿಲ್ಲ. ದಿನದ ಹೆಚ್ಚು ಹೊತ್ತು ನೇರ ಬಿಸಿಲು ಬೀಳುವ ಜಾಗವೇ ಬೇಕು.

ನೀರಿನ ಬಗ್ಗೆ ನಮ್ಮಲ್ಲಿ ಒಂದು ಹಳೆಯ ಪದ್ಧತಿಯುಂಟು: ಮಲ್ಲಿಗೆಯನ್ನು ಬಚ್ಚಲ ನೀರು ಹರಿಯುವಲ್ಲಿ ನೆಡುವುದು. ನೀರಿಗೆ ಬರವಿರುವ ಊರಿನಲ್ಲಿ ಇದು ಬುದ್ಧಿವಂತಿಕೆಯೇ. ಆದರೆ ಅಜ್ಜಿಯ ಕಾಲದ ಬಚ್ಚಲಿನಿಂದ ಹರಿಯುತ್ತಿದ್ದುದು ಸೀಗೆಕಾಯಿ, ಕಡಲೆಹಿಟ್ಟಿನ ನೀರು. ಇಂದು ಹರಿಯುವುದು ಬಟ್ಟೆ ಒಗೆಯುವ ಪುಡಿಯ ನೀರು. ಅದರಲ್ಲಿರುವ ಸೋಡ ಮಣ್ಣಿಗೆ ಸೇರಿ ಅದನ್ನು ಚೌಳಾಗಿಸುತ್ತದೆ. ಮೇಲಿಂದ ಬುಡ ಸದಾ ಒದ್ದೆಯಾಗಿ ಗಿಡಕ್ಕೆ ವಿಶ್ರಾಂತಿಯೇ ಇಲ್ಲದಂತಾಗುತ್ತದೆ. ನಮ್ಮ ಗಿಡದ ಮೊದಲ ಕಷ್ಟ ಇದೇ ಎಂದು ನನಗೆ ತೋರಿತು. ಚಿಕ್ಕದೊಂದು ಕಾಲುವೆ ತೋಡಿ, ಒಗೆಯುವ ನೀರನ್ನು ಬೇರೆ ಕಡೆಗೆ ತಿರುಗಿಸಿದೆ. ದಿನಕ್ಕೊಂದು ಚೊಂಬು ನೀರು ಚಿಮುಕಿಸುವ ಬದಲು ವಾರಕ್ಕೊಮ್ಮೆ ಎರಡು ಮೂರು ಕೊಡ ನೀರನ್ನು ಪಾತಿ ತುಂಬುವಂತೆ ಹಾಕತೊಡಗಿದೆ. ನೀರು ಆಳಕ್ಕಿಳಿದರೆ ಬೇರೂ ಆಳಕ್ಕಿಳಿಯುತ್ತದೆ. ಪಾತಿಯ ಮೇಲೆ ಒಣ ಹುಲ್ಲನ್ನೋ ಕಡಲೆಕಾಯಿಯ ಸಿಪ್ಪೆಯನ್ನೋ ಹರಡಿದರೆ ತೇವ ಬೇಗ ಆರುವುದಿಲ್ಲ.

ನೆಡುವ ಕ್ರಮ

ಹೊಸದಾಗಿ ನೆಡುವವರಿಗಾಗಿ ಎರಡು ಮಾತು. ದುಂಡುಮಲ್ಲಿಗೆಯು ಬೀಜ ಕಟ್ಟುವುದು ಅತಿ ವಿರಳ. ಆದುದರಿಂದ ಕಡ್ಡಿಯಿಂದಲೋ, ರೆಂಬೆಯನ್ನು ಮಣ್ಣಿಗೆ ಬಗ್ಗಿಸಿ ಬೇರು ಬರಿಸುವುದರಿಂದಲೋ ವಂಶವನ್ನು ಮುಂದುವರಿಸಬೇಕು. ಪೆನ್ಸಿಲಿನ ಗಾತ್ರದ, ಅರ್ಧ ಬಲಿತ, ಮೂರು ನಾಲ್ಕು ಗೆಣ್ಣುಗಳುಳ್ಳ ಕಡ್ಡಿಯನ್ನು ಆರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಒಂದು ಗೆಣ್ಣಾದರೂ ಮಣ್ಣಿನೊಳಗಿರುವಂತೆ ಮರಳು ಬೆರೆತ ಮಣ್ಣಿನಲ್ಲಿ ನೆರಳಿನಲ್ಲಿ ಊರಬೇಕು. ಬೇರು ಚೆನ್ನಾಗಿ ಹಿಡಿದ ಸಸಿಯನ್ನು ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಯಲ್ಲಿ ಸುಮಾರು 10 ಕಿಲೋ ಕೊಟ್ಟಿಗೆಗೊಬ್ಬರ ಬೆರೆಸಿ ನೆಡಬೇಕು. ಜೂನ್‌ನಿಂದ ನವೆಂಬರ್‌ವರೆಗಿನ ಮಳೆಗಾಲ ಇದಕ್ಕೆ ತಕ್ಕುದು. ಹಲವು ಗಿಡಗಳನ್ನು ನೆಡುವುದಾದರೆ ನಡುವೆ ನಾಲ್ಕು ಅಡಿಗಳಿಗೆ ಕಡಮೆಯಾಗದಂತೆ ಅಂತರವಿರಲಿ.

ಬೀಜ ಕಟ್ಟದಿರುವುದು ಒಂದು ಕೊರತೆಯೆಂದು ತೋರಬಹುದು. ಅದು ಒಂದು ಸದ್ಗುಣವೂ ಹೌದು. 19ನೆಯ ಶತಮಾನದ ಆದಿಯಲ್ಲಿ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ತಂದ ಲಂಟಾನ ಎಂಬ ಹೂವಿನ ಪೊದೆಯನ್ನು ನೋಡಿರಿ. ಅದರ ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಹರಡಿದವು. ಇಂದು ಮಲೆಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಲ್ಲಿ ಹುಲ್ಲು ಬೆಳೆಯಲು ಎಡೆಯಿಲ್ಲದಂತೆ ಅದು ಹಬ್ಬಿದೆ. ನಮ್ಮ ಸೋಲಿಗರು ಅದರ ಕಡ್ಡಿಗಳಿಂದ ಕುರ್ಚಿ, ಮೇಜುಗಳನ್ನು ಮಾಡಿ, ಕೇಡಿನಲ್ಲಿಯೂ ಒಂದು ಉಪಯೋಗ ಕಂಡುಕೊಂಡಿದ್ದಾರೆ. ಮಲ್ಲಿಗೆಯಾದರೋ ಮನುಷ್ಯನ ಕೈಯನ್ನು ಬಿಟ್ಟು ತಾನಾಗಿ ಎಲ್ಲಿಗೂ ಹೋಗದು.

ಕತ್ತರಿಸುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ದುಂಡುಮಲ್ಲಿಗೆಯು ಹೂ ಬಿಡುವುದು ಹೊಸದಾಗಿ ಒಡೆದ ಚಿಗುರಿನಲ್ಲಿ. ಪ್ರತಿ ಚಿಗುರಿನ ತುದಿಯಲ್ಲಿ ಸಾಮಾನ್ಯವಾಗಿ ಮೂರರಂತೆ ಮೊಗ್ಗುಗಳು ಬರುತ್ತವೆ. ಹಳೆಯ, ಬಲಿತ ರೆಂಬೆ ಎಷ್ಟು ಉದ್ದವಾಗಿದ್ದರೂ ಅದರಿಂದ ಹೂವಿಲ್ಲ. ಎಂದರೆ, ಹೊಸ ಚಿಗುರುಗಳ ಸಂಖ್ಯೆ ಹೆಚ್ಚಿದಷ್ಟೂ ಹೂ ಹೆಚ್ಚು. ಚಿಗುರು ಹೆಚ್ಚಬೇಕಾದರೆ ಗಿಡವನ್ನು ಕತ್ತರಿಸಬೇಕು.

ಕತ್ತರಿಸಿದರೆ ಚಿಗುರು ಏಕೆ ಹೆಚ್ಚುತ್ತದೆ? ಗಿಡದ ಪ್ರತಿ ಎಲೆಯ ಕಂಕುಳಲ್ಲಿಯೂ ಒಂದು ಮಲಗಿದ ಕಣ್ಣು ಇರುತ್ತದೆ. ರೆಂಬೆಯ ತುದಿಯಲ್ಲಿ ಹುಟ್ಟಿ ಕೆಳಗಿಳಿಯುವ ಒಂದು ರಸವು ಆ ಕಣ್ಣುಗಳನ್ನು ಏಳದಂತೆ ತಡೆದಿರುತ್ತದೆ. ಈ ರಸಕ್ಕೆ ಆಕ್ಸಿನ್ ಎಂದು ಹೆಸರು. 1928ರಲ್ಲಿ ವೆಂಟ್ ಎಂಬ ಡಚ್ ವಿಜ್ಞಾನಿ ಅದರ ಇರುವಿಕೆಯನ್ನು ಪ್ರಯೋಗದಿಂದ ತೋರಿಸಿದನು. 1933ರಲ್ಲಿ ತೀಮನ್ ಮತ್ತು ಸ್ಕೂಗ್ ಎಂಬವರು ಪಕ್ಕದ ಕಣ್ಣುಗಳನ್ನು ತಡೆಯುವುದು ಇದೇ ಎಂದು ಕಂಡುಹಿಡಿದರು. ತುದಿಯನ್ನು ತೆಗೆದರೆ ತಡೆ ತಪ್ಪುತ್ತದೆ, ಕಣ್ಣುಗಳು ಏಳುತ್ತವೆ. 2014ರಲ್ಲಿ ಬಟಾಣಿ ಗಿಡದ ಮೇಲೆ ನಡೆದ ಸಂಶೋಧನೆಯೊಂದು ಇನ್ನೊಂದು ಸಂಗತಿಯನ್ನು ಸೇರಿಸಿತು: ಬೆಳೆಯುತ್ತಿರುವ ತುದಿಯು ಗಿಡದ ಸಕ್ಕರೆಯನ್ನೆಲ್ಲ ತನ್ನ ಕಡೆಗೆ ಸೆಳೆದುಕೊಳ್ಳುತ್ತಿರುತ್ತದೆ, ತುದಿ ಹೋದೊಡನೆ ಆ ಆಹಾರ ಪಕ್ಕದ ಕಣ್ಣುಗಳಿಗೆ ಒದಗಿ, ಅವು ಮೊದಲು ಎಚ್ಚರಗೊಳ್ಳುವುದು ಅದರಿಂದಲೇ.

ಇದನ್ನು ಪುಸ್ತಕದಿಂದ ಕಲಿಯುವ ಅಗತ್ಯ ನಮ್ಮ ಸೀಮೆಯವರಿಗೆ ಇರಬಾರದಾಗಿತ್ತು. ಕೊಳ್ಳೇಗಾಲವು ಹಿಂದಿನ ಮದರಾಸು ಪ್ರಾಂತದಲ್ಲಿಯೇ ರೇಷ್ಮೆಗೆ ಹೆಸರಾಗಿದ್ದ ತಾಲ್ಲೂಕು. ನೀರಾವರಿಯ ಹಿಪ್ಪುನೇರಳೆಯನ್ನು ವರ್ಷಕ್ಕೆ ಐದು ಸಲದವರೆಗೆ ಕೊಯ್ಯುತ್ತಾರೆ. ವರ್ಷಕ್ಕೊಮ್ಮೆ ಬುಡದ ತನಕ ಕತ್ತರಿಸುತ್ತಾರೆ. ಹೊಲದಲ್ಲಿ ಕತ್ತಿಗೆ ಅಂಜದ ನಾವು ಅಂಗಳದಲ್ಲಿ ಮಾತ್ರ ಅಂಜುತ್ತೇವೆ. ಕಾರಣವೂ ಸ್ಪಷ್ಟ: ಹೊಲದ ಗಿಡವನ್ನು ನಾವು ಬೆಳೆಯೆಂದು ಕಾಣುತ್ತೇವೆ, ಅಂಗಳದ ಗಿಡವನ್ನು ಮನೆಯ ಮಗಳೆಂದು ಕಾಣುತ್ತೇವೆ.

ನಮ್ಮ ಅಜ್ಜಿಯೂ ಹಾಗೆಯೇ. ನಾನು ಕತ್ತರಿಯನ್ನು ಹಿಡಿದು ಬಂದುದನ್ನು ಕಂಡು ಆಕೆ ಗಿಡಕ್ಕೆ ಅಡ್ಡವಾಗಿ ನಿಂತಳು. "ಹಸ್ರಾಗಿರ ಗಿಡುಕ್ಕ ಕತ್ತಿ ಮಡುಗ್ಬಾರ್ದು ಕನ ಕೂಸು, ಪಾಪ ಬತ್ತದ" ಎಂದಳು. ನಾನು ಆಕ್ಸಿನ್ನಿನ ಕಥೆಯನ್ನು ಹೇಳಹೊರಟು ಸೋತೆ. ಆಗ ರೇಷ್ಮೆ ಸಾಕುವ ನಮ್ಮ ಚಿಕ್ಕಪ್ಪ ಅಲ್ಲಿಗೆ ಬಂದರು. "ಅವ್ವ, ರೇಸ್ಮ ಗಿಡವ ವರ್ಸಕ್ಕ ಅಯ್ದ್ ಸಲ ಕುಯ್ತೀವಲ್ಲ, ಅದೇನು ಸತ್ತೋದ್ದಾ? ಕುಯ್ದೆ ಬುಟ್ರ ಸೊಪ್ಪು ಎಲ್ಲಿಂದ ಬತ್ತದ?" ಎಂದು ಕೇಳಿದರು. ಅಜ್ಜಿ ಬಹಳ ಹೊತ್ತು ಯೋಚಿಸಿ, ಬೀದಿಯ ಕಡೆಗಿರುವ ಪಾಲನ್ನು ಮಾತ್ರ ಕತ್ತರಿಸಲು ಒಪ್ಪಿದಳು. ಬುಡದಿಂದಲೇ ಎರಡಾಗಿ ಕವಲೊಡೆದ ಗಿಡ ಅದು. ಹೀಗೆ ಅಜ್ಜಿಯ ಹಟದಿಂದ ನನಗೆ ತಾನಾಗಿಯೇ ಒಂದು ಪ್ರಯೋಗ ಒದಗಿತು: ಒಂದೇ ಬೇರು, ಒಂದೇ ಮಣ್ಣು, ಒಂದೇ ನೀರು, ಒಂದು ಪಾಲು ಕತ್ತರಿಸಿದ್ದು, ಇನ್ನೊಂದು ಪಾಲು ಕತ್ತರಿಸದ್ದು.

ಅನುಸರಿಸಿದ ಕ್ರಮ ಹೀಗಿದೆ:

1. ಕತ್ತರಿಸುವುದಕ್ಕೆ ಹದಿನೈದು ದಿನ ಮೊದಲೇ ನೀರು ನಿಲ್ಲಿಸಬೇಕು. ಗಿಡ ಬಾಡದೆ, ಬೆಳೆವಣಿಗೆಯನ್ನು ಮಾತ್ರ ನಿಲ್ಲಿಸಿ ವಿಶ್ರಮಿಸಬೇಕು.

2. ನವೆಂಬರ್ ತಿಂಗಳ ಕಡೆಯ ವಾರ ಇದಕ್ಕೆ ಸರಿಯಾದ ಕಾಲ. ಹಿಂಗಾರಿನ ಮಳೆ ಮುಗಿಯುತ್ತ ಬಂದು ಚಳಿ ಹಿಡಿದಿರುತ್ತದೆ.

3. ನೆಲದಿಂದ ಸುಮಾರು ಒಂದೂವರೆ ಅಡಿ, ಎಂದರೆ ಮೊಣಕಾಲಿನ ಮಟ್ಟದಲ್ಲಿ ರೆಂಬೆಗಳನ್ನು ಕತ್ತರಿಸಬೇಕು. ಕತ್ತರಿ ಹರಿತವಾಗಿರಬೇಕು. ರೆಂಬೆ ಸೀಳಿದರೆ ಗಾಯದಲ್ಲಿ ರೋಗ ಸೇರುತ್ತದೆ. ಕಣ್ಣಿನ ಸ್ವಲ್ಪ ಮೇಲೆ, ನೀರು ಜಾರುವಂತೆ ಓರೆಯಾಗಿ ಕತ್ತರಿಸುವುದು ಲೇಸು.

4. ಒಣಗಿದ, ರೋಗ ಹಿಡಿದ, ಒಂದಕ್ಕೊಂದು ತಾಕುವ ರೆಂಬೆಗಳನ್ನು ಬುಡಕ್ಕೇ ತೆಗೆದು, ಗಿಡದ ನಡುವಿಗೆ ಬೆಳಕು ಬೀಳುವಂತೆ ಮಾಡಬೇಕು. ಉಳಿದ ಎಲೆಗಳನ್ನು ಕೈಯಿಂದ ಸವರಿ ತೆಗೆಯಬೇಕು.

5. ಬುಡವನ್ನು ಬೇರಿಗೆ ಪೆಟ್ಟಾಗದಂತೆ ಕೆದಕಿ, ಗೊಬ್ಬರ ಹಾಕಿ, ಮತ್ತೆ ನೀರು ಕೊಡಲು ಆರಂಭಿಸಬೇಕು.

ಕತ್ತರಿಸಿದ ದಿನ ಆ ಪಾಲು ನೋಡಲು ಬೋಳಾಗಿತ್ತು. ಅಜ್ಜಿ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಗೊಬ್ಬರ

ಗೊಬ್ಬರದಲ್ಲಿ ನನ್ನಿಂದಲೇ ಒಂದು ತಪ್ಪು ನಡೆದಿತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಹಿಂದಿನ ವರ್ಷ ಹೂ ಬಿಡಲೆಂಬ ಆಸೆಯಿಂದ, ಜೋಳಕ್ಕೆಂದು ತಂದಿದ್ದ ಯೂರಿಯವನ್ನು ಆಗಾಗ ಹಿಡಿ ಹಿಡಿಯಾಗಿ ಗಿಡದ ಬುಡಕ್ಕೆ ಹಾಕಿದ್ದೆ. ಗಿಡ ಕಡುಹಸಿರಾಗಿ ಮೇಲೆದ್ದಿತು; ಹೂ ಇನ್ನೂ ಕಡಮೆಯಾಯಿತು. ಯೂರಿಯದಲ್ಲಿರುವುದು ಸಾರಜನಕ ಮಾತ್ರ. ಅದು ಎಲೆಯನ್ನು ಬೆಳೆಸುತ್ತದೆ. ಹೂವಿಗೆ ರಂಜಕವೂ ಪೊಟ್ಯಾಷೂ ಬೇಕು. ಬಲಿತ ಒಂದು ಗಿಡಕ್ಕೆ ವರ್ಷಕ್ಕೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್ ದೊರೆಯುವಂತೆ ಎರಡು ಕಂತುಗಳಲ್ಲಿ, ಒಂದನ್ನು ಕತ್ತರಿಸಿದ ಮೇಲೆ, ಇನ್ನೊಂದನ್ನು ಜೂನ್-ಜುಲೈ ತಿಂಗಳಲ್ಲಿ, ಹಾಕಬೇಕೆಂದು ತಜ್ಞರ ಸಲಹೆ. ಇದು ಸತ್ತ್ವದ ತೂಕವೇ ಹೊರತು ಚೀಲದ ಗೊಬ್ಬರದ ತೂಕವಲ್ಲ. ಚೀಲದ ಮೇಲಿನ ಅಂಕಿಗಳನ್ನು ನೋಡಿ ಲೆಕ್ಕ ಹಾಕಬೇಕು. ಇದರ ಜೊತೆಗೆ ಒಂದು ಕುಕ್ಕೆ ಕೊಳೆತ ಕೊಟ್ಟಿಗೆಗೊಬ್ಬರ ಇರಲೇಬೇಕು.

ಹುಳು ಮತ್ತು ಕುಯಿಲು

ಮಲ್ಲಿಗೆಗೆ ಶತ್ರುಗಳು ಮುಖ್ಯವಾಗಿ ಮೂರು. ಮೊಗ್ಗು ಕೊರೆಯುವ ಹುಳು ಮೊಗ್ಗನ್ನು ತೂತು ಮಾಡಿ ಒಳಗಿನ ದಳಗಳನ್ನು ತಿನ್ನುತ್ತದೆ. ಮೊಗ್ಗುಗಳನ್ನು ಎಳೆಗಳಿಂದ ಒಟ್ಟಿಗೆ ಹೆಣೆಯುವುದೂ ಉಂಟು. ಎರಡನೆಯದು ಕಣ್ಣಿಗೆ ಕಾಣದಷ್ಟು ಸಣ್ಣ ನೊಣ; ಅದರ ಮರಿಗಳು ಮೊಗ್ಗಿನ ಬುಡದಲ್ಲಿ ಸೇರಿದರೆ ಮೊಗ್ಗು ಅರಳದೆ ನೇರಿಳೆ ಬಣ್ಣಕ್ಕೆ ತಿರುಗಿ ಒಣಗುತ್ತದೆ. ಮೂರನೆಯದು ಬಿರುಬೇಸಗೆಯಲ್ಲಿ ಎಲೆಯ ಕೆಳಗೆ ಸೇರುವ ಕೆಂಪು ನುಸಿ. ಮನೆಯ ಗಿಡಕ್ಕೆ ಘೋರವಾದ ವಿಷಗಳು ಬೇಡ. ಈ ಹೂ ಮುಡಿಗೆ ಹೋಗುವಂಥದು, ಮಕ್ಕಳು ಮೂಸುವಂಥದು. ಕೆಟ್ಟ ಮೊಗ್ಗುಗಳನ್ನು ಆರಿಸಿ ಸುಡುವುದು, ಬುಡದ ಮಣ್ಣನ್ನು ಕೆದಕಿ ಬಿಸಿಲಿಗೆ ಒಡ್ಡುವುದು, 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಒಂದು ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ ಸೋಸಿ ಸಂಜೆಯ ಹೊತ್ತು ಸಿಂಪಡಿಸುವುದು—ಇಷ್ಟೇ ಸಾಕು. ಕತ್ತರಿಸಿದ ಗಿಡದಲ್ಲಿ ಗಾಳಿ, ಬೆಳಕು ಆಡುವುದರಿಂದ ಹುಳುವೂ ಕಡಮೆ.

ಮೊಗ್ಗನ್ನು ಬಿಡಿಸುವ ಹೊತ್ತು ಮುಂಜಾನೆ, ಬಿಸಿಲು ಏರುವ ಮೊದಲು. ಅಂದು ಸಂಜೆ ಅರಳಲಿರುವ ಮೊಗ್ಗು ಬೆಳಗ್ಗೆಯೇ ತುಂಬಿಕೊಂಡು ಬೆಳ್ಳಗಾಗಿರುತ್ತದೆ, ಹಸಿರುಬಣ್ಣದ್ದನ್ನು ಮುಟ್ಟಬಾರದು. ಬಿಗಿದ ಮೊಗ್ಗಿನಲ್ಲಿ ಪರಿಮಳ ತೀರ ಕಡಮೆ. ಅದು ಹೊರಹೊಮ್ಮುವುದು ದಳ ಬಿಚ್ಚುವಾಗ. ಗಿಡದಿಂದ ಬಿಡಿಸಿದ ಮೇಲೂ ಹೂ ಕಂಪನ್ನು ಸೂಸುತ್ತಲೇ ಇರುತ್ತದೆ. ಬೆಳಗ್ಗೆ ಕಟ್ಟಿದ ದಂಡೆ ರಾತ್ರಿ ಮನೆಯನ್ನೆಲ್ಲ ತುಂಬುವುದು ಇದರಿಂದಲೇ.

ಫಲಿತಾಂಶ

ಕತ್ತರಿಸಿ ಮೂರು ವಾರಗಳಾಗುವ ಹೊತ್ತಿಗೆ ಬೋಳು ಕಡ್ಡಿಗಳ ಗೆಣ್ಣು ಗೆಣ್ಣಿನಲ್ಲಿಯೂ ಜೋಡಿ ಜೋಡಿಯಾಗಿ ಚಿಗುರು ಒಡೆಯಿತು. ಫೆಬ್ರವರಿಯ ಕೊನೆಯಲ್ಲಿ ಮೊದಲ ಮೊಗ್ಗುಗಳು ಕಂಡವು. ಯುಗಾದಿಯ ಹಿಂದಿನ ವಾರ ಪ್ರತಿದಿನ ಬೆಳಗ್ಗೆ ಎರಡು ಪಾಲುಗಳ ಮೊಗ್ಗನ್ನೂ ಬೇರೆ ಬೇರೆ ಬಟ್ಟಲಿಗೆ ಬಿಡಿಸಿ ಎಣಿಸಿದೆ. ಏಳು ದಿನಗಳಲ್ಲಿ ಕತ್ತರಿಸಿದ ಪಾಲಿನಿಂದ 214, ಕತ್ತರಿಸದ ಪಾಲಿನಿಂದ 19 ಮೊಗ್ಗುಗಳು ದೊರೆತವು.

ಒಂದೇ ಗಿಡದ ಎಣಿಕೆಯಿಂದ ಸಿದ್ಧಾಂತ ಮಾಡಲಾಗದೆಂಬುದನ್ನು ಬಲ್ಲೆ. ಬೀದಿಯ ಕಡೆಯ ಪಾಲಿಗೆ ಬೆಳಗಿನ ಬಿಸಿಲೂ ಸ್ವಲ್ಪ ಹೆಚ್ಚು. ಆದರೆ ಆ ಬಿಸಿಲು ಹಿಂದಿನ ಮೂರು ವರ್ಷವೂ ಇದ್ದಿತು; ಹೂ ಇರಲಿಲ್ಲ. ನೀರಿನ ಕ್ರಮವನ್ನೂ ಗೊಬ್ಬರವನ್ನೂ ತಿದ್ದಿದ್ದು ಎರಡು ಪಾಲಿಗೂ ಒಂದೇ, ವ್ಯತ್ಯಾಸವಾದದ್ದು ಕತ್ತರಿಯಿಂದ.

ಯುಗಾದಿಯ ಬೆಳಗ್ಗೆ ಅಜ್ಜಿ ಬೇವು ಬೆಲ್ಲದ ತಟ್ಟೆಯ ಪಕ್ಕದಲ್ಲಿ ಕುಳಿತು ಮೊಗ್ಗು ಕಟ್ಟಿದಳು. ಆಕೆಗೆ ಈಗ ಕಣ್ಣು ಮಂಜು. ಬೆರಳ ತುದಿಯಿಂದಲೇ ತೊಟ್ಟನ್ನು ಹುಡುಕಿ ಕಟ್ಟುತ್ತಾಳೆ. ಮೊದಲ ಮೊಳ ಮಾದಪ್ಪನ ಪಟಕ್ಕಾಯಿತು. ಅಪ್ಪ ಅದನ್ನು ನೋಡಿದರು; ಸೀಟಿನ ಮಾತನ್ನು ಎತ್ತಲಿಲ್ಲ. ಗಾಡಿ ಈಗಲೂ ಬೇವಿನ ಮರದ ಕೆಳಗೇ ನಿಲ್ಲುತ್ತದೆ. ಮುಂದಿನ ನವೆಂಬರಿನಲ್ಲಿ ನಾನು ಪರೀಕ್ಷೆಯ ಓದಿನಲ್ಲಿದ್ದಾಗ ಅಜ್ಜಿ ತಾನೇ ಕತ್ತರಿಯನ್ನು ತಂದು ನನ್ನ ಪುಸ್ತಕದ ಮೇಲಿಟ್ಟು, "ಆ ಕಡ ಪಾಲ್ನೂ ಕುಯ್ಬುಡು ಕೂಸು, ಹೊತ್ತಾಯ್ತದ" ಎಂದಳು.

ಉಪಸಂಹಾರ

ಮೇಲೆ ಹೇಳಿದ್ದನ್ನು ಸಂಗ್ರಹವಾಗಿ ಹೀಗೆ ನೆನಪಿಡಬಹುದು: ಬಿಸಿಲಿರುವ ಜಾಗ, ನೀರು ನಿಲ್ಲದ ಮಣ್ಣು, ವಾರಕ್ಕೊಮ್ಮೆ ಆಳವಾದ ನೀರು, ಕಾರ್ತಿಕದಲ್ಲಿ ಹದಿನೈದು ದಿನ ಉಪವಾಸ, ನವೆಂಬರ್ ಕೊನೆಗೆ ಮೊಣಕಾಲಿನ ಮಟ್ಟಕ್ಕೆ ಕತ್ತರಿ, ಯೂರಿಯ ಒಂದನ್ನೇ ನಂಬದಿರುವುದು, ಬೇವಿನ ಕಷಾಯ, ಮುಂಜಾನೆಯ ಕುಯಿಲು. ಹೂ ಬಿಡದ ಗಿಡವನ್ನು ಕೀಳಬೇಕೆಂದಿರುವವರು ಒಂದು ವರ್ಷ ಇದನ್ನು ಮಾಡಿ ನೋಡಲಿ.

ಕತ್ತರಿಸಿದ ರೆಂಬೆಗಳನ್ನು ನಾವು ಬಿಸಾಡಲಿಲ್ಲ. ಕಡ್ಡಿಗಳನ್ನಾಗಿ ಮಾಡಿ ಹಾಲಿನ ಕವರುಗಳಲ್ಲಿ ಊರಿಟ್ಟಿದ್ದೇವೆ. ಕೆಲವು ಒಣಗಿದವು, ಕೆಲವು ಬೇರು ಹಿಡಿದಿವೆ. ಅವುಗಳಲ್ಲಿ ಎರಡನ್ನು ಮಳೆಗಾಲದಲ್ಲಿ ನಮ್ಮ ಕಾಲೇಜಿನ ಗ್ರಂಥಾಲಯದ ಮುಂದಿನ ಬಿಸಿಲ ಜಾಗದಲ್ಲಿ ನೆಡಲು ಗುರುಗಳು ಅಪ್ಪಣೆ ಕೊಟ್ಟಿದ್ದಾರೆ. ನಾನು ಅಷ್ಟರಲ್ಲಿ ಕಾಲೇಜನ್ನು ಬಿಟ್ಟಿರುತ್ತೇನೆ. ಮುಂದೆ ಬರುವ ಸಹೋದರ ಸಹೋದರಿಯರು ನೀರು ಹಾಕಲಿ ಎಂದು ನಾನು ಕೇಳುವುದಿಲ್ಲ. ಅದನ್ನು ಯಾರಾದರೂ ಹಾಕುತ್ತಾರೆ. ನವೆಂಬರ್ ಬಂದಾಗ ಕತ್ತರಿಸಲು ಮರೆಯಬಾರದೆಂದು ಮಾತ್ರ ಅರಿಕೆ ಮಾಡಿಕೊಳ್ಳುತ್ತೇನೆ.